ಹಳೇ ಸಾಮಾನು ಸಂಗ್ರಹಿಸುವವರಲ್ಲಿ ಕೆಲವರು ದೇವರ ವಿಗ್ರಹ ಮಾತ್ರ ಬೇಡ ಅನ್ನೋದು ಯಾಕೆ?

ಮುಖ್ಯ ಕಾರಣ ಭಕ್ತಿಯೂ ಅಲ್ಲ, ಭಯವೂ ಅಲ್ಲ. ವಿಗ್ರಹ ಎಲ್ಲಿಂದ ಬಂತು ಅನ್ನೋದು ಗೊತ್ತಾಗುವುದಿಲ್ಲ, ಅಷ್ಟೇ.

ಹಿತ್ತಾಳೆ ಕೊಳಗ, ಅಡಕತ್ತರಿ, ಗ್ರಾಮಫೋನು ಸಾಮಾನ್ಯವಾಗಿ ಯಾರದೋ ಮನೆಯ ಅಟ್ಟದಿಂದ ಬಂದಿರುತ್ತವೆ. ಹಳೇ ಕಂಚಿನ ವಿಗ್ರಹ ಹಾಗಲ್ಲ. ಅದರ ಪೀಠ ನೋಡಿ. ಕೋಲು ತೂರಿಸಲು ತೂತು ಅಥವಾ ಬಳೆ ಇದ್ದರೆ ಅದು ಉತ್ಸವದಲ್ಲಿ ಹೊರುತ್ತಿದ್ದ ಮೂರ್ತಿ, ಅಂದರೆ ಬಹುಪಾಲು ದೇವಸ್ಥಾನದ್ದೇ. ಅದನ್ನು ಮಾರುವ ಹಕ್ಕು ಯಾರಿಗಿತ್ತು?

ಕದ್ದ ವಿಗ್ರಹವನ್ನು ಗೊತ್ತಿಲ್ಲದೆ ದುಡ್ಡು ಕೊಟ್ಟು ತಂದರೂ ಅದು ನಿಮ್ಮದಾಗುವುದಿಲ್ಲ. ನಮ್ಮ ಕಾನೂನಿನ ಪ್ರಕಾರ ದೇವರ ಹೆಸರಲ್ಲೂ ಆಸ್ತಿ ಇರಬಹುದು, ದೇವರ ಪರವಾಗಿ ದಾವೆಯನ್ನೂ ಹೂಡಬಹುದು. ತಮಿಳುನಾಡಿನ ಪತ್ತೂರಿನ ನಟರಾಜನನ್ನು ಕೆನಡಾದ ಕಂಪನಿಯೊಂದು ಲಂಡನ್ನಿನಲ್ಲಿ ಕೊಂಡಿತ್ತು. 1991ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೇ ದೇವಸ್ಥಾನದ ಪರ ತೀರ್ಪು ಕೊಟ್ಟಿತು.

ಇದರ ಮೇಲೆ 1972ರ ಪುರಾತನ ವಸ್ತುಗಳ ಕಾಯ್ದೆ ಬೇರೆ. 100 ವರ್ಷ ದಾಟಿದ ಲೋಹದ, ಕಲ್ಲಿನ ಶಿಲ್ಪಗಳನ್ನು ನೋಂದಣಿ ಮಾಡಿಸಬೇಕು. ಮಾರುವವರಿಗೆ ಲೈಸೆನ್ಸ್ ಇರಬೇಕು. ಖಾಸಗಿಯವರು ಹೊರದೇಶಕ್ಕೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗಳಿಗೆ ಸುಮ್ನೆ ಉಡುಗೊರೆ ಅಂತ ಕಳಿಸಿದರೂ ತಪ್ಪೇ.

ಪೂಜೆ ಕಂಡ ಮೂರ್ತಿಯನ್ನು ಶೋಕೇಸಿನಲ್ಲಿಡಲು ಮನಸ್ಸೊಪ್ಪದವರೂ ಇದ್ದಾರೆ. ಅದು ಅವರವರ ಇಷ್ಟ. ನಾನಂತೂ ನೋಂದಣಿ ಪತ್ರ ತೋರಿಸದ ವಿಗ್ರಹಕ್ಕೆ ರೇಟೂ ಕೇಳುವುದಿಲ್ಲ.