ಮರದ ಲ್ಯೂರ್ ನೀರಲ್ಲಿ ಮಗ್ಗುಲಾಗಿ ಮಲ್ಕೊಳ್ಳುತ್ತೆ, ಬಾಲ್ಸಾ ಮರಾನೇ ಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳ್ಕೋಬೇಡಿ, ನನ್ನ ಮೊದಲನೇ ಲ್ಯೂರ್, ಅಂದ್ರೆ ಮೀನು ಹಿಡಿಯೋಕೆ ಗಾಳ ಸಿಗಿಸಿ ಬಿಡೋ ಮರದ ನಕಲಿ ಮೀನು, ನೆನಪಾಯ್ತು ಅಷ್ಟೇ. ಪೈನ್ ಮರದಲ್ಲಿ ಎರಡು ಮೀನು ಕೆತ್ತಿ ಚೆನ್ನಾಗಿ ಬಣ್ಣಾನೂ ಹೊಡೆದಿದ್ದೀರಿ, ನೀರಿಗೆ ಬಿಟ್ರೆ ಒಂದು ಮಗ್ಗುಲಾಗಿ ಮಲ್ಕೊಳ್ಳುತ್ತೆ, ಇನ್ನೊಂದು ಎಳೆದ ತಕ್ಷಣ ಗಿರಗಿರ ತಿರುಗುತ್ತೆ, ಬಾಲ್ಸಾ ಅನ್ನೋ ತುಂಬಾ ಹಗುರದ ಮರ ತರಿಸಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಪೈನಲ್ಲೂ ಆರಾಮಾಗಿ ಆಗುತ್ತೆ. ಎಡವಟ್ಟಾಗಿರೋದು ಮರದಲ್ಲಲ್ಲ, ನೀವು ಬಕೆಟ್ ನೀರಿಗೆ ಬಿಟ್ಟು ನೋಡೋಕೆ ಮುಂಚೆನೇ ಬಣ್ಣಕ್ಕೆ ಕೈ ಹಾಕಿದ್ದೀರಿ.

ನಾನೂ ಅದನ್ನೇ ಮಾಡಿದ್ದೆ. ಹಳೇ ಕಿಟಕಿ ಚೌಕಟ್ಟಿನ ತೇಗದ ತುಂಡೊಂದು ಬಿದ್ದಿತ್ತು, ಅದನ್ನ ಕೆತ್ತಿ ಮೂರು ರಾತ್ರಿ ಕೂತು ಬಣ್ಣ ಹೊಡೆದೆ, ಸೊಳ್ಳೆ ಪರದೆ ತುಂಡನ್ನ ಬಿಗಿಯಾಗಿ ಸುತ್ತಿ ಮೇಲಿಂದ ಸ್ಪ್ರೇ ಹೊಡೆದ್ರೆ ಥೇಟ್ ಮೀನಿನ ಹುರುಪೆ ಥರಾನೇ ಬರುತ್ತೆ, ಅದೆಲ್ಲಾ ಮಾಡಿ ಟಬ್ಬಿಗೆ ಬಿಟ್ಟೆ. ಮಗಳು ಬಗ್ಗಿ ನೋಡಿ "ಅಪ್ಪಾ, ಇದು ಸತ್ತೋಗಿದೆ" ಅಂದ್ಲು. ಹಂಗೇ ಇತ್ತು, ಒಂದು ಕಣ್ಣು ನೀರೊಳಗೆ ಇನ್ನೊಂದು ಕಣ್ಣು ಸೂರು ನೋಡ್ಕೊಂಡು.

ಯಾಕೆ ಹಂಗಾಗುತ್ತೆ ಅಂತ ಒಂದು ಚಿಕ್ಕ ಲೆಕ್ಕ ಹಾಕೋಣ, ಇದು ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. 7 ಸೆಂಟಿಮೀಟರ್ ಉದ್ದದ ಸಾಧಾರಣ ಮೀನಿನ ಆಕಾರದ ಲ್ಯೂರ್ ಸುಮಾರು 10 ಸಿಸಿ ಇರುತ್ತೆ ಅಂತಿಟ್ಕೊಳ್ಳಿ, ಅಂದ್ರೆ ಒಟ್ಟು ತೂಕ 10 ಗ್ರಾಂ ದಾಟಿದ್ರೆ ಮುಳುಗುತ್ತೆ. ಪೈನ್ ಮೈ ಸುಮಾರು 5 ಗ್ರಾಂ ತೂಗುತ್ತೆ. ಮೂರು ಮುಳ್ಳಿನ ಗಾಳ ಎರಡು, ರಿಂಗು, ತಂತಿ, ಲಿಪ್ (ಮೂತಿ ಕೆಳಗೆ ಸಿಗಿಸೋ ತೆಳು ಪ್ಲಾಸ್ಟಿಕ್ ತಗಡು), ಎಪಾಕ್ಸಿ (ಎರಡು ಬಾಟ್ಲಿ ಕಲಸಿ ಹಚ್ಚೋ ಅಂಟು) ಎಲ್ಲಾ ಸೇರಿ ಮೂರೂವರೆ ಗ್ರಾಂ ಹತ್ರ ಹೋಗುತ್ತೆ. ಉಳಿದಿದ್ದು ಒಂದೂವರೆ ಗ್ರಾಂ. ಮಗ್ಗುಲಾಗದೆ ನಿಲ್ಲೋಕೆ ಹೊಟ್ಟೆ ತಳಕ್ಕೆ ಸೀಸದ ಭಾರ ಬೇಕು, ತೇಲಬೇಕು ಅಂದ್ರೆ ಆ ಸೀಸ ಅಷ್ಟರೊಳಗೇ ಇರಬೇಕು. ತೇಗ ಆದ್ರೆ ಮೈಯೇ ಆರೂವರೆ ಗ್ರಾಂ, ಅಲ್ಲಿಗೆ ಲೆಕ್ಕ ಮುಗೀತು, ಸೀಸಕ್ಕೆ ಜಾಗಾನೇ ಇಲ್ಲ. ಬಾಲ್ಸಾ ಆದ್ರೆ ಮೈ 2 ಗ್ರಾಂ ಕೂಡ ಬರಲ್ಲ, ಆರಾಮಾಗಿ 3-4 ಗ್ರಾಂ ಸೀಸ ಹೊಟ್ಟೆ ತಳಕ್ಕೆ ಹಾಕಬಹುದು. ಬೆನ್ನು ಹಗುರ ಹೊಟ್ಟೆ ಭಾರ ಆದಷ್ಟೂ ಲ್ಯೂರ್ ಚುರುಕಾಗಿ ಅಲ್ಲಾಡುತ್ತೆ, ಬಾಲ್ಸಾನ ಜನ ಹೊಗಳೋದು ಇದಕ್ಕೇ. ಆದ್ರೆ ಬಾಲ್ಸಾ ಉಗುರು ಒತ್ತಿದ್ರೂ ತಗ್ಗು ಬೀಳುತ್ತೆ, ತುದೀಲಿ ಬಳೆ ಇರೋ ಸ್ಕ್ರೂ ಬರುತ್ತಲ್ಲ, ಅದು ದೊಡ್ಡ ಮೀನು ಜಗ್ಗಿದ್ರೆ ಕಿತ್ತುಕೊಂಡೇ ಬರುತ್ತೆ, ಅದಕ್ಕೆ ಮೂತಿಯಿಂದ ಬಾಲದವರೆಗೂ ಒಂದೇ ಸ್ಟೀಲ್ ತಂತಿ ಒಳಗೆ ಓಡಿಸಬೇಕು. ಕಲಿಯೋರಿಗೆ ಪೈನೇ ವಾಸಿ.

ಈಗ ಬಕೆಟ್ ವಿಷಯ. ಕೆತ್ತಿ ಸ್ಯಾಂಡ್ ಪೇಪರ್ ಹಾಕಿದ ಮೇಲೆ ಒಂದು ಕೋಟ್ ಸೀಲರ್ ಹೊಡೀರಿ, ಇಲ್ಲಾಂದ್ರೆ ಮರ ನೀರು ಕುಡಿದು ಲೆಕ್ಕ ಎಲ್ಲಾ ತಪ್ಪುತ್ತೆ. ಗಾಳ, ರಿಂಗು, ಲಿಪ್ ಎಲ್ಲಾ ಸಿಗಿಸಿ, ಗಾಳದ ಮುಳ್ಳಿಗೆ ಟೇಪ್ ಸುತ್ತಿ. ಆಮೇಲೆ ಸೀಸದ ತುಂಡನ್ನ ಹೊಟ್ಟೆ ಕೆಳಗೆ ರಬ್ಬರ್ ಬ್ಯಾಂಡಲ್ಲಿ ಕಟ್ಟಿ ನೀರಿಗೆ ಬಿಡಿ. ಮೊದಲು ಮುಂದಿನ ಗಾಳಕ್ಕಿಂತ ಸ್ವಲ್ಪ ಮುಂದೆ, ಗಂಟಲ ಹತ್ರ ಕಟ್ಟಿ ನೋಡಿ. ಬೆನ್ನು ಮೇಲಿರಬೇಕು, ಮೈ ಹೆಚ್ಚು ಕಮ್ಮಿ ಮಟ್ಟವಾಗಿರಬೇಕು, ಮೂತಿ ಒಂದು ಚೂರು ಕೆಳಗಿದ್ರೆ ಪರವಾಗಿಲ್ಲ. ಬೆರಳಲ್ಲಿ ಪಕ್ಕಕ್ಕೆ ಒತ್ತಿ ಬಿಡಿ, ಟಪ್ ಅಂತ ಎದ್ದು ನಿಲ್ಲಬೇಕು. ನಿಧಾನಕ್ಕೆ ಯೋಚ್ನೆ ಮಾಡ್ಕೊಂಡು ಏಳ್ತಾ ಇದ್ರೆ ಭಾರ ಸಾಲಲ್ಲ ಅಂತ ಅರ್ಥ. ಒಂದು ವಿಷಯ ನೆನಪಿಡಿ, ಹೊರಗೆ ಕಟ್ಟಿದಾಗ ಸೀಸ ಮೈಗಿಂತ ಕೆಳಗೆ ನೇತಾಡ್ತಿರುತ್ತೆ, ಅದನ್ನೇ ತೂತು ಮಾಡಿ ಒಳಗೆ ಕೂರಿಸಿದ್ರೆ ಅಷ್ಟು ಗಟ್ಟಿಯಾಗಿ ನಿಲ್ಲಲ್ಲ, ಅದಕ್ಕೆ ತೂತು ಆಳ ಮಾಡೋಕೆ ಹೋಗ್ಬೇಡಿ, ಸೀಸ ಆದಷ್ಟು ಹೊಟ್ಟೆ ಚರ್ಮದ ಹತ್ರಾನೇ ಇರ್ಲಿ. ಬಾಲದ ಕಡೆಗೆ ಭಾರ ಹಾಕಿದ್ರೆ ದೂರ ಎಸೆಯಬಹುದು, ಆದ್ರೆ ಅಲ್ಲಾಟ ಸತ್ತೋಗುತ್ತೆ.

ಸೀಸ ಕರಗಿಸಿ ಹೊಯ್ಯೋಕೆ ಮಾತ್ರ ಹೋಗ್ಬೇಡಿ ದಯವಿಟ್ಟು, ಅದೂ ಅಡುಗೆಮನೇಲಿ. 327 ಡಿಗ್ರಿಗೆ ಕರಗುತ್ತೆ, ಸುಲಭ ಅನ್ಸುತ್ತೆ, ಆದ್ರೆ ಅದರ ಹೊಗೆ, ಧೂಳು ಎರಡೂ ವಿಷ. ಗಾಳದ ದಾರಕ್ಕೆ ಕಚ್ಚಿಸೋ ಸೀಸದ ಸಣ್ಣ ಗುಂಡುಗಳನ್ನ ತೂತಿಗೆ ತುಂಬಿ ಎಪಾಕ್ಸಿ ಹಾಕಿದ್ರೆ ಸಾಕು, ಕೈ ತೊಳ್ಕೊಳ್ಳಿ. ಸ್ಟೀಲ್ ಗುಂಡು ಹಾಕಿದ್ರೂ ನಡೆಯುತ್ತೆ, ಅದೇ ತೂಕಕ್ಕೆ ಜಾಗ ಸ್ವಲ್ಪ ಜಾಸ್ತಿ ತಿನ್ನುತ್ತೆ.

ಇನ್ನು ನಿಮ್ಮ ಎರಡನೇದು, ಗಿರಗಿರ ತಿರುಗೋದು. ಹತ್ತಕ್ಕೆ ಒಂಬತ್ತು ಸಲ ಅದು ಲಿಪ್ ಸೊಟ್ಟ ಇರೋದ್ರಿಂದಾನೇ. ಮೂತಿ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ, ಬೆನ್ನಿಂದ ಹೊಟ್ಟೆಗೆ ಒಂದು ಗೆರೆ ಎಳೆದಂಗೆ ಅನ್ಕೊಂಡ್ರೆ ಲಿಪ್ ಆ ಗೆರೆಗೆ ಸರಿಯಾಗಿ ಅಡ್ಡಕ್ಕೆ ಕೂತಿರಬೇಕು. ದುಂಡಗೆ ಕೆತ್ತಿದ ಮೇಲೆ ಗರಗಸದಲ್ಲಿ ಸೀಳು ಹಾಕೋಕೆ ಹೋದ್ರೆ ಯಾರ ಕೈಯಲ್ಲೂ ನೆಟ್ಟಗೆ ಬರಲ್ಲ. ಮರ ಇನ್ನೂ ಚೌಕಾಕಾರದ ತುಂಡಾಗಿರುವಾಗ್ಲೇ ನಡುಗೆರೆ ಎಳೆದು, ಲಿಪ್ ಸೀಳು, ಸೀಸದ ತೂತು, ಗಾಳದ ತೂತು ಎಲ್ಲಾ ಮುಗಿಸ್ಕೊಂಡು ಆಮೇಲೆ ಚಾಕು ಹಿಡೀರಿ. ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ, ಆರೇಳು ಮೀನು ಒಲೆಗೆ ಹೋದ ಮೇಲೆ ಗೊತ್ತಾಯ್ತು.

ಲಿಪ್‌ಗೆ ಹಳೇ ಸಿಡಿ ಸಾಕು. ಸಿಡಿ ಅಂದ್ರೆ 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟೇ, ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ಕತ್ತರೀಲಿ ಕತ್ತರಿಸಿ, ತಣ್ಣಗಿದ್ದಾಗ ಕತ್ತರಿಸಿದ್ರೆ ಸೀಳು ಬಿಡುತ್ತೆ. ಬೆಳ್ಳಿ ಪದರಾನ ಟೇಪ್ ಅಂಟಿಸಿ ಕಿತ್ತಾಕಿ. ಲಿಪ್ ಕೆಳಮುಖವಾಗಿ ನೆಟ್ಟಗೆ ನಿಂತಷ್ಟೂ ಲ್ಯೂರ್ ಮೇಲ್ಮಟ್ಟದಲ್ಲೇ ಜೋರಾಗಿ ಅಲ್ಲಾಡ್ಕೊಂಡು ಬರುತ್ತೆ, ಮೈಯ ನೇರಕ್ಕೆ ಮುಂದಕ್ಕೆ ಚಾಚಿದಷ್ಟೂ ಆಳಕ್ಕೆ ಧುಮುಕುತ್ತೆ. ಲಿಪ್ ತೀರಾ ದೊಡ್ಡದಾಗಿ ಹೊಟ್ಟೇಲಿ ಭಾರ ಇಲ್ಲದಿದ್ರೂ ಪಲ್ಟಿ ಹೊಡೆಯುತ್ತೆ, ಅದನ್ನೂ ನೋಡ್ಕೊಳ್ಳಿ.

ಪಲ್ಟಿ ಹೊಡೆಯದೆ ಬರೀ ಒಂದು ಪಕ್ಕಕ್ಕೆ ಓಡ್ತಿದ್ರೆ ಅದು ರೋಗಾನೇ ಅಲ್ಲ. ದಾರ ಕಟ್ಟೋ ಬಳೇನ ಇಕ್ಕಳದಲ್ಲಿ ಒಂದು ಕೂದಲೆಳೆಯಷ್ಟು ಬಗ್ಗಿಸಿ. ಲ್ಯೂರ್ ಹಿಂದೆ ನಿಂತು ನೋಡಿದಾಗ ಬಲಕ್ಕೆ ಓಡಿದ್ರೆ ಎಡಕ್ಕೆ, ಎಡಕ್ಕೆ ಓಡಿದ್ರೆ ಬಲಕ್ಕೆ. ಮತ್ತೆ ಎಳೆದು ನೋಡಿ, ಮತ್ತೆ ಚೂರು ಬಗ್ಗಿಸಿ. ದಾರಾನ ಬಳೆಗೆ ಬಿಗಿಯಾಗಿ ಗಂಟು ಹಾಕ್ಬೇಡಿ, ತಂಗೂಸಿ ಆದ್ರೆ ಕುಣಿಕೆ ಬಿಟ್ಟು ಕಟ್ಟಿ, ಇಲ್ಲಾ ಸ್ನ್ಯಾಪ್ ಅನ್ನೋ ಸಣ್ಣ ಕೊಂಡಿ ಹಾಕಿ, ಬಿಗಿದ್ರೆ ಎಂಥಾ ಲ್ಯೂರಾದ್ರೂ ಕತ್ತು ಹಿಡಿದಂಗೆ ಆಗುತ್ತೆ.

ಬಣ್ಣದ ಬಗ್ಗೆ ನೀವು ತುಂಬಾ ಕೇಳಿದ್ದೀರಿ, ನಾನು ಕಮ್ಮಿ ಹೇಳ್ತೀನಿ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಎದ್ದು ಕಾಣೋ ಒಂದು ಕಣ್ಣು, ಸಾಕು, ಉಳಿದ ಅಲಂಕಾರ ನಮ್ಮ ಖುಷಿಗೆ. ಫಿನ್‌ಲ್ಯಾಂಡಿನ ಲೌರಿ ರಾಪಾಲಾ ಅನ್ನೋ ಮೀನುಗಾರ 1936ರಲ್ಲಿ ಮಾಡಿದ ಮೊದಲನೇ ಲ್ಯೂರ್ ಕಾರ್ಕಿಂದು, ಕೆತ್ತಿದ್ದು ಚಮ್ಮಾರರ ಚಾಕೂಲಿ, ಮೈಗೆ ಚಾಕೊಲೇಟಿನ ಬೆಳ್ಳಿ ಕಾಗದ, ಮೇಲಿನ ಪಾಲಿಶ್‌ಗೆ ಫೋಟೋ ನೆಗೆಟಿವ್ ಕರಗಿಸಿ ಹಚ್ಚಿದ್ದು. ದೊಡ್ಡ ಮೀನು ಗುಂಪಲ್ಲಿ ಗಾಯ ಆಗಿ ತಟ್ಟಾಡೋ ಮರಿಮೀನನ್ನೇ ಹುಡುಕಿ ಹಿಡಿಯುತ್ತೆ ಅನ್ನೋದನ್ನ ಆ ಮನುಷ್ಯ ನೋಡಿದ್ದ, ಆ ತಟ್ಟಾಟಾನೇ ಕಾರ್ಕಲ್ಲಿ ತಂದಿದ್ದು.

ಎಪಾಕ್ಸಿ ಮಾತ್ರ ಅವಸರ ಮಾಡ್ಬೇಡಿ, ಎರಡೂ ಬಾಟ್ಲಿಯಿಂದ ಅದರ ಮೇಲೆ ಬರೆದಿರೋ ಅಳತೇಲೇ ತಗೊಂಡು ನಿಧಾನಕ್ಕೆ ಕಲಸಿ, ಜೋರಾಗಿ ಕಲಸಿದ್ರೆ ಗುಳ್ಳೆ ತುಂಬ್ಕೊಳ್ಳುತ್ತೆ. ಹಚ್ಚಿ ಹಂಗೇ ನೇತುಹಾಕಿ ಊಟಕ್ಕೆ ಹೋದ್ರೆ ಎಲ್ಲಾ ಇಳಿದು ಬಾಲದಲ್ಲಿ ಗೋಲಿ ಕಟ್ಟುತ್ತೆ, ಬಕೆಟಲ್ಲಿ ಕೂತು ಮಾಡಿದ ಲೆಕ್ಕ ಹಾಳು. ಗಟ್ಟಿಯಾಗೋವರೆಗೂ ಕೆಲವು ನಿಮಿಷಕ್ಕೊಂದು ಸಲ ತಲೆಕೆಳಗು ಮಾಡ್ತಾ ಇರಿ. ಸ್ಕ್ರೂ ಹೋಗೋ ತೂತಿನ ಒಳಗೂ ಅಂಟು ಬಿಡಿ, ನೀರು ನುಗ್ಗೋದೇ ಅಲ್ಲಿಂದ, ಆಮೇಲೆ ಮರ ಉಬ್ಬಿ ಬಣ್ಣ ಬಿರಿಯುತ್ತೆ.

ಈಗಿರೋ ಎರಡನ್ನೂ ಎಸೀಬೇಡಿ. ಮಲಗೋದಕ್ಕೆ ಹೊಟ್ಟೇಲಿ ಗಂಟಲ ಹತ್ರ 5 ಮಿಲಿಮೀಟರ್ ಡ್ರಿಲ್ಲಲ್ಲಿ ಬಣ್ಣದ ಮೇಲೇ ತೂತು ಹಾಕಿ, ಹೊಟ್ಟೆ ಉರಿಯುತ್ತೆ ಗೊತ್ತು, ಒಂದು ಗ್ರಾಂ ಸೀಸ ಹಾಕಿ ನೋಡಿ, ಸಾಲದಿದ್ರೆ ಅರ್ಧ ಗ್ರಾಂ ಸೇರಿಸಿ. ತಿರುಗೋದರ ಲಿಪ್ ಬಿಡಿಸೋಕೆ ಆಗದಿದ್ರೆ, ಯಾವ ಕಡೆ ವಾಲಿದೆ ನೋಡಿ ಅಂಚನ್ನ ಅರದಲ್ಲಿ ಸ್ವಲ್ಪ ಸ್ವಲ್ಪಾನೇ ಉಜ್ಜುತ್ತಾ, ಪ್ರತಿ ಸಲಾನೂ ನೀರಲ್ಲಿ ಎಳೆದು ನೋಡಿ. ಅದಕ್ಕೂ ಬಗ್ಗದಿದ್ರೆ ಎದುರಿಂದ ತೆಗೆದ ಫೋಟೋ ಒಂದು ಹಾಕಿ, ನೋಡಿ ಹೇಳ್ತೀನಿ.