ಮಿದುಳಿನ ಸಂಶೋಧನೆಗೆ ಹೋಗಬೇಕು, ಎಲ್ಲಿಂದ ಶುರು ಮಾಡಲಿ?

ಓದುಗರ ಪ್ರಶ್ನೆಗಳಿಗೆ ಬೆಳಗಾವಿಯ ಮೆಡಿಕಲ್ ಕಾಲೇಜೊಂದರ ಫಿಸಿಯಾಲಜಿ ಅಧ್ಯಾಪಕಿಯ ಉತ್ತರ

ಪ್ರಶ್ನೆ: ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ. ಲ್ಯಾಬಿನಲ್ಲಿ ಮಿದುಳಿನ ಬಗ್ಗೆ ಕಂಡುಕೊಂಡದ್ದನ್ನು ರೋಗಿಯವರೆಗೆ ತಲುಪಿಸುವ ಟ್ರಾನ್ಸ್‌ಲೇಷನಲ್ ನ್ಯೂರೋಸೈನ್ಸ್‌ನಲ್ಲಿ ಕೆಲಸ ಮಾಡುವ ಆಸೆ. ಆದರೆ ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹತ್ತಿರದಲ್ಲಿ ಅಂಥ ಲ್ಯಾಬೂ ಇಲ್ಲ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಅಜ್ಜನಿಂದಲೇ ಶುರು ಮಾಡಿ. ಗುಳಿಗೆ ನುಂಗಿದ ಹೊತ್ತು, ಊಟದ ಹೊತ್ತು, ಕೈಕಾಲು ಸಡಿಲಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು ಎಲ್ಲವನ್ನೂ ಕೆಲವು ದಿನ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅವರ ಗುಳಿಗೆಯಲ್ಲಿ ಎಲ್-ಡೋಪಾ ಎಂಬ ಔಷಧ ಇದ್ದರೆ ಒಂದು ಸಂಗತಿ ಕಣ್ಣಿಗೆ ಬೀಳಬಹುದು. ಬೇಳೆ, ಹಾಲು, ಮೊಟ್ಟೆ ಜಾಸ್ತಿ ಇರುವ ಊಟದ ಜತೆ ನುಂಗಿದಾಗ ಗುಳಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪ್ರೋಟೀನ್ ಕರಗಿದಾಗ ಅಮೈನೋ ಆಮ್ಲಗಳು ಬರುತ್ತವೆ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ದಾಟಲು ಅವುಗಳಿಗೂ ಎಲ್-ಡೋಪಾಕ್ಕೂ ಪೈಪೋಟಿ ನಡೆಯುತ್ತದೆ. ಗುಳಿಗೆಯ ಹೊತ್ತನ್ನು ನೀವಾಗಿ ಬದಲಿಸಬೇಡಿ, ನೋಟ್‌ಬುಕ್ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಕಂಡದ್ದಕ್ಕೆ ಜೀವಕೋಶದಲ್ಲಿ ಕಾರಣ ಹುಡುಕಬೇಕು, ಆ ಕಾರಣದಿಂದ ರೋಗಿಗೆ ಉಪಯೋಗವಾಗಬೇಕು. ನೀವು ಕೇಳಿದ ಕೆಲಸ ಇದೇ ಅಲ್ವಾ?

ಎಲ್-ಡೋಪಾ ಬಂದ ಬಗೆಯನ್ನು ನನ್ನ ಪ್ರತಿ ಹೊಸ ತರಗತಿಗೂ ಹೇಳುತ್ತೇನೆ. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ನಸುಗುನ್ನಿ ಬೀಜದಿಂದ ಅದನ್ನು ಬೇರ್ಪಡಿಸಿದರು. ಅದು ಯಾವ ರೋಗಕ್ಕೆ ಬೇಕಾದೀತು ಎಂದು ಆಗ ಯಾರಿಗೂ ತಿಳಿದಿರಲಿಲ್ಲ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್, ಸರ್ಪಗಂಧಿಯಲ್ಲಿ ಸಿಗುವ ರಿಸರ್ಪಿನ್ ಕೊಟ್ಟು ಮಂಕಾಗಿ ಬಿದ್ದ ಪ್ರಾಣಿಗಳು ಡೋಪಾ ಕೊಟ್ಟೊಡನೆ ಎದ್ದು ಓಡಾಡುವುದನ್ನು ತೋರಿಸಿದರು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳು ಪರೀಕ್ಷಿಸಿದರು. ಅದರಲ್ಲಿ ಡೋಪಮೈನ್ ತೀರಾ ಕಡಿಮೆ ಇತ್ತು. ಚಲನೆಗೆ ಬೇಕಾದ ಈ ರಾಸಾಯನಿಕ ಮಿದುಳಿನಲ್ಲಿ ತಯಾರಾಗುವುದು ಡೋಪಾದಿಂದಲೇ. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ಡೋಪಾವನ್ನು ಬಾಯಿಯ ಮೂಲಕ ಕೊಡುತ್ತ, ಪ್ರಮಾಣವನ್ನು ನಿಧಾನಕ್ಕೆ ಏರಿಸಿ ರೋಗಿಗಳಲ್ಲಿ ಗುಣ ಕಂಡರು. ಬೀಜದಿಂದ ರೋಗಿಗೆ ಬರಲು ಮೂವತ್ತು ವರ್ಷ! ರಸಾಯನಶಾಸ್ತ್ರದವರು, ಪ್ರಾಣಿಗಳ ಮೇಲೆ ಪ್ರಯೋಗ ಮಾಡುವವರು, ಮಿದುಳು ಕೊಯ್ದು ನೋಡುವವರು, ವೈದ್ಯರು ಒಬ್ಬರ ಕೆಲಸ ಇನ್ನೊಬ್ಬರು ಓದುತ್ತಿದ್ದರೆ ಈ ವರ್ಷಗಳು ಕಡಿಮೆಯಾಗುತ್ತವೆ. ಹಾಗೆ ಓದಬಲ್ಲವರನ್ನು ತಯಾರು ಮಾಡಬೇಕು ಎಂಬುದೇ ನನ್ನ ಹಟ.

ಎಂ.ಎಸ್ಸಿ.ಗೆ ಬಯೋಕೆಮಿಸ್ಟ್ರಿ, ಪ್ರಾಣಿಶಾಸ್ತ್ರ ಯಾವುದಾದರೂ ಸರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೇ ಸಾಕು. ಪಿಎಚ್.ಡಿ.ಗೆ ಬೆಂಗಳೂರಿನ ನಿಮ್ಹಾನ್ಸ್, ಐಐಎಸ್‌ಸಿ, ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಗಳಿವೆ. ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿದೆ. ಅದಕ್ಕೆ ನೆಟ್, ಗೇಟ್ ಪರೀಕ್ಷೆಗಳ ತಯಾರಿ ಬೇಕು. ಅದಕ್ಕೂ ಮುಂಚೆ, ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ನಿಜವಾದ ಲ್ಯಾಬಿನಲ್ಲಿ ಇರಬಹುದು.

ಕನ್ನಡ ಮಾಧ್ಯಮದ ಚಿಂತೆ ಬಿಡಿ. ಇಂಗ್ಲಿಷ್ ಪೇಪರ್ ಓದುವುದು ಅಭ್ಯಾಸದಿಂದ ಬರುತ್ತದೆ. ನಮ್ಮ ಒಪಿಡಿಯಲ್ಲಿ ಒಬ್ಬ ಹಿರಿಯರು, "ಕೈ ನಡುಗೂದು ಇರ್ಲಿ ಬಿಡ್ರಿ, ರಾತ್ರಿ ಮಗ್ಗಲಾ ಬದಲಸಾಕ ಆಗವಲ್ದು" ಅಂದರು. ನಡುಕದ ಬಗ್ಗೆಯಷ್ಟೇ ಕೇಳುತ್ತಿದ್ದ ವಿದ್ಯಾರ್ಥಿಗಳು ತಲೆ ಎತ್ತಿ ನೋಡಿದರು. ರೋಗಿಗೆ ನಿಜವಾಗಿ ಏನು ಕಷ್ಟ ಎಂದು ತಿಳಿಯಲು ನಿಮ್ಮ ಕನ್ನಡ ಬೇಕೇ ಬೇಕು.

ಪ್ರಶ್ನೆ: ಎಂಬಿಬಿಎಸ್ ಎರಡನೇ ವರ್ಷ. ಲಕ್ವದ ಬಗ್ಗೆ ಸಂಶೋಧನೆ ಮಾಡಬೇಕೆಂದಿದೆ. ಈಗ ಅದೆಲ್ಲ ಬೇಡ, ನೀಟ್ ಪಿಜಿ ಕೈತಪ್ಪುತ್ತದೆ ಅಂತಾರೆ ಗೆಳೆಯರು.
– ವಿಜಯಪುರ

ಉತ್ತರ: ಎರಡು ತಿಂಗಳಲ್ಲಿ ಯಾವ ಪಿಜಿಯೂ ಕೈತಪ್ಪುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿವೇತನ ನಿಮ್ಮಂಥವರಿಗಾಗಿಯೇ ಇದೆ. ನಿಮ್ಮ ಕಾಲೇಜಿನ ಅಧ್ಯಾಪಕರೊಬ್ಬರನ್ನು ಗೈಡ್ ಮಾಡಿಕೊಳ್ಳಿ, ಸಣ್ಣ ಪ್ರಶ್ನೆ ಆರಿಸಿ. ಲಕ್ವ ಹೊಡೆದವರು ಆಸ್ಪತ್ರೆ ತಲುಪುವುದು ಎಲ್ಲಿ ತಡವಾಗುತ್ತದೆ? ಅಷ್ಟೇ ಸಾಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಒಬ್ಬ ರೋಗಿಯನ್ನೂ ಮಾತಾಡಿಸಬೇಡಿ.

ಸುಮ್ನೆ ಪೇಪರ್ ಸಂಖ್ಯೆ ಏರಿಸಲು ಮಾತ್ರ ಇದಕ್ಕೆ ಇಳಿಯಬೇಡಿ. ಲಕ್ವಕ್ಕೆಂದೇ ಎನ್‌ಎಕ್ಸ್‌ವೈ-059 ಎಂಬ ಔಷಧ ಬಂದಿತ್ತು. ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. 2006ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಯೋಗದಲ್ಲೂ ಸ್ವಲ್ಪ ಲಾಭ ಕಂಡಿತು. ಎರಡನೆಯದರಲ್ಲಿ 3,000ಕ್ಕೂ ಹೆಚ್ಚು ರೋಗಿಗಳಿದ್ದರು, ಏನೂ ಪ್ರಯೋಜನ ಕಾಣಲಿಲ್ಲ. ಆಮೇಲೆ ಹಳೆಯ ಪ್ರಾಣಿ ಪ್ರಯೋಗಗಳನ್ನು ತಿರುವಿ ನೋಡಿದಾಗ, ಯಾವ ಪ್ರಾಣಿಗೆ ಔಷಧ ಎಂದು ಚೀಟಿ ಎತ್ತಿದಂತೆ ಹಂಚದೆ ಇದ್ದಲ್ಲಿ ಲಾಭ ಹೆಚ್ಚು ಕಂಡಿತ್ತು. ಅಳೆಯುವವರಿಗೆ ಯಾವುದಕ್ಕೆ ಔಷಧ ಕೊಟ್ಟಿದೆ ಎಂದು ಗೊತ್ತಿದ್ದ ಕಡೆಯೂ ಹಾಗೇ. ಆದ್ದರಿಂದ ಮೈಕ್ರೋಸ್ಕೋಪಿಗಿಂತ ಮೊದಲು ಸಂಖ್ಯಾಶಾಸ್ತ್ರ ಕಲಿಯಿರಿ ಎಂದು ನಾನು ಬೇಡಿಕೊಳ್ಳುತ್ತೇನೆ.

ದೊಡ್ಡ ಸಂಶೋಧನೆ ನಮ್ಮ ಕಡೆ ಆಗುವುದಿಲ್ಲ ಎಂದು ಯಾರಾದರೂ ಅಂದರೆ ಬೆಳಗಾವಿ ಜಿಲ್ಲೆಯ ಹಳ್ಳಿಗಳನ್ನು ನೆನಪಿಸಿ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗ ಇಲ್ಲೇ ನಡೆಯಿತು. ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅದರಲ್ಲಿದ್ದರು. 1,620 ತಾಯಂದಿರು ಸೇರಿದ್ದರು, ಗುಳಿಗೆ ಕೊಟ್ಟವರು ಹಳ್ಳಿಯ ಎಎನ್‌ಎಂ ನರ್ಸ್‌ಗಳು. ರಕ್ತಸ್ರಾವ ಆದ ತಾಯಂದಿರ ಪ್ರಮಾಣ ಶೇ. 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಷಯ ಮಿದುಳಿನದಲ್ಲ, ನಿಜ. ಆದರೆ ಕೆಲಸ ಮಾಡುವ ಕ್ರಮ ಅದೇ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಮಷೀನ್ ಲರ್ನಿಂಗ್ ಬರುತ್ತದೆ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಿಂದ ಮೂರ್ಛೆರೋಗ ಗುರುತಿಸಬೇಕು. ನಮಗೂ ಜಾಗ ಇದೆಯಾ?
– ಬಾಗಲಕೋಟೆ

ಉತ್ತರ: ಖಂಡಿತ ಇದೆ. ಆದರೆ ಕೋಡ್ ಬರೆಯುವ ಮುಂಚೆ ಇಇಜಿ ತಂತ್ರಜ್ಞರ ಪಕ್ಕದಲ್ಲಿ ಕೂತುಕೊಳ್ಳಿ. ರೋಗಿ ಕಣ್ಣು ಮಿಟುಕಿಸಿದರೂ ಹಲ್ಲು ಕಚ್ಚಿದರೂ ಗೆರೆ ಕುಣಿಯುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದರೆ ಎಲೆಕ್ಟ್ರೋಡ್ ಸರಿಯಾಗಿ ಹಿಡಿಯುವುದಿಲ್ಲ. ಇದನ್ನೆಲ್ಲ ನೋಡದವರ ಪ್ರೋಗ್ರಾಂ ಕಣ್ಣಿನ ಮಿಟುಕನ್ನೇ ರೋಗ ಅಂದುಬಿಡುತ್ತದೆ. ಇನ್ನೊಂದು ಮಾತು: ಒಬ್ಬನೇ ರೋಗಿಯ ದಾಖಲೆಯನ್ನು ಪ್ರೋಗ್ರಾಂನ ಕಲಿಕೆಗೂ ಅದರ ಪರೀಕ್ಷೆಗೂ ಹಂಚಬೇಡಿ. ಆಗ ಬರುವ ಅಂಕಿ ಹೊಸ ರೋಗಿಯ ಮುಂದೆ ನಿಲ್ಲುವುದಿಲ್ಲ.

ಪ್ರಶ್ನೆ: ಮಗಳು ಮಿದುಳಿನ ಮೇಲೆ ಪಿಎಚ್.ಡಿ. ಮಾಡುತ್ತೇನೆ ಅಂತಾಳೆ. ನಾವು ಒಕ್ಕಲುತನದವರು. ಅಷ್ಟು ವರ್ಷ ಖರ್ಚು ಹೇಗೆ?
– ಅಥಣಿ

ಉತ್ತರ: ನೆಟ್ ಪರೀಕ್ಷೆಯ ಮೂಲಕ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. 2023ರ ಜನವರಿಯಿಂದ ಇರುವ ದರ ಇದು. ನೀವು ಹಣ ಕಳಿಸಬೇಕಾಗಿಲ್ಲ. ಫೆಲೋಶಿಪ್ ಇಲ್ಲದೆ ಸೇರುವುದಾದರೆ ಮಾತ್ರ ಎರಡು ಸಲ ಯೋಚಿಸಿ. ಮುಂದೆ ಕಾಲೇಜು ಪಾಠ, ಔಷಧ ಪ್ರಯೋಗ ನಡೆಸುವ ಕಂಪನಿಗಳು, ಆಸ್ಪತ್ರೆಗಳ ಸಂಶೋಧನಾ ವಿಭಾಗ ಹೀಗೆ ದಾರಿಗಳಿವೆ. ಯಾವುದೂ ಖಾತ್ರಿ ಅಲ್ಲ ಎಂಬುದನ್ನು ಮಗಳಿಗೂ ಈಗಲೇ ತಿಳಿಸಿ. ರಜೆಯಲ್ಲಿ ಅವಳನ್ನು ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ನೀವೂ ಒಳಗೆ ಹೋಗಿ ನೋಡಿ. ದಿನಾ ತೆರೆದಿರುವುದಿಲ್ಲ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ.