ಹಳೇ ಟಿವಿ ಇನ್ನೂ ನಡೆಯುತ್ತಿರುವಾಗ ಹೊಸದು ಕೊಳ್ಳಬೇಕೇ?

12 ವರ್ಷದ ಎಲ್‌ಇಡಿ ಟಿವಿಯಲ್ಲಿ ಚಿತ್ರ ಚೆನ್ನಾಗಿದೆ, ಆ್ಯಪ್‌ಗಳು ಮಾತ್ರ ನಿಂತುಹೋಗಿವೆ, ಬದಲಾಯಿಸಲೇ ಎಂದು ಕೇಳಿದ್ದೀರಿ. ಬೇಡ. ಹಳತಾಗಿರುವುದು ಒಳಗಿನ ಸಾಫ್ಟ್‌ವೇರ್ ಅಷ್ಟೇ, ಪ್ಯಾನೆಲ್ (ಚಿತ್ರ ಮೂಡುವ ಪರದೆ) ಅಲ್ಲ.

ಎಚ್‌ಡಿಎಂಐ ಪೋರ್ಟಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ (ಆ್ಯಪ್‌ಗಳನ್ನು ತಾನೇ ನಡೆಸುವ ಪುಟ್ಟ ಸಾಧನ) ಹಾಕಿ. ಅದಕ್ಕೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ. ಹಳೆಯ ಯುಎಸ್‌ಬಿ 2.0 ಪೋರ್ಟ್ ಸಾಮಾನ್ಯವಾಗಿ 500 ಮಿಲಿಆಂಪ್ ಕೊಡುತ್ತದೆ, ಸ್ಟಿಕ್ಕಿಗೆ ಸುಮಾರು 1 ಆಂಪ್ ಬೇಕು. ಲೋಗೋ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು ಹೆಚ್ಚಾಗಿ ಇದಕ್ಕೇ. ಅಪ್‌ಡೇಟ್ ನಿಂತ ಟಿವಿಯ ವೈ-ಫೈ ಆಫ್ ಮಾಡಿಬಿಡಿ, ಇಂಟರ್ನೆಟ್ ಸ್ಟಿಕ್ಕಿಗಿದ್ದರೆ ಸಾಕು.

ಇಂಥ ಟಿವಿಗಳಲ್ಲಿ ನಿಜವಾಗಿ ಸೋಲುವುದು ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪ. ಪ್ಯಾನೆಲ್ ಹಿಂದಿನ ಪಟ್ಟಿಗಳಲ್ಲಿ ಎಲ್‌ಇಡಿಗಳು ಸಾಲಾಗಿ ಸೀರೀಸ್‌ನಲ್ಲಿರುತ್ತವೆ, ಅಂದರೆ ಒಂದರ ಮೂಲಕವೇ ಇನ್ನೊಂದಕ್ಕೆ ಕರೆಂಟ್ ಹೋಗುತ್ತದೆ. ಒಂದು ಸುಟ್ಟು ಕರೆಂಟಿನ ದಾರಿ ಕಡಿದರೆ ಆ ಸಾಲೇ ಕತ್ತಲು. ಎಷ್ಟೋ ಸೆಟ್‌ಗಳಲ್ಲಿ ಎಲ್‌ಇಡಿಗಳಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಉಳಿದ ಸಾಲುಗಳನ್ನೂ ಆರಿಸಿಬಿಡುತ್ತದೆ. ಶಬ್ದ ಬರುತ್ತಿದ್ದು ಪರದೆ ಕಪ್ಪಾದರೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಪ್ಯಾನೆಲ್ ಸರಿಯಿದೆ, ಹೋಗಿರುವುದು ಬೆಳಕು. ರಿಪೇರಿಗೆ ಕೊಟ್ಟಾಗ ಸುಟ್ಟ ಒಂದು ಎಲ್‌ಇಡಿ ಬದಲು ಪೂರ್ತಿ ಪಟ್ಟಿಗಳ ಸೆಟ್ಟನ್ನೇ ಹಾಕಿಸಿ. ಉಳಿದವೂ ಅಷ್ಟೇ ಕಾಲ ಬೆಂದಿರುತ್ತವೆ, ಪ್ಯಾನೆಲ್ ಗಾಜನ್ನು ಎರಡನೇ ಸಲ ಎತ್ತುವಾಗ ಸೀಳುವ ಅಪಾಯ ಬೇರೆ. ಚಿತ್ರ ನೀಲಿ-ನೇರಳೆಗೆ ತಿರುಗುತ್ತಿದ್ದರೂ ಈ ಪಟ್ಟಿಗಳದೇ ಕೆಲಸ.

ಅಷ್ಟು ದೂರ ಹೋಗದಿರಲು ಮೆನುವಿನಲ್ಲಿ 'ಬ್ಯಾಕ್‌ಲೈಟ್' 100ರಲ್ಲಿದ್ದರೆ 60ಕ್ಕೆ ಇಳಿಸಿ. ಕೆಲವರು 'ಬ್ರೈಟ್‌ನೆಸ್' ಇಳಿಸಿ ಸುಮ್ಮನಾಗುತ್ತಾರೆ. ಹೆಚ್ಚಿನ ಸೆಟ್‌ಗಳಲ್ಲಿ ಅದು ಕಪ್ಪಿನ ಮಟ್ಟವನ್ನಷ್ಟೇ ಬದಲಿಸುತ್ತದೆ, ಎಲ್‌ಇಡಿ ಮಾತ್ರ ಅದೇ ಬಿಸಿಯಲ್ಲಿ ಉರಿಯುತ್ತಿರುತ್ತದೆ.

ಸ್ವಿಚ್ ಹಾಕಿದರೂ ಆನ್ ಆಗಲು ಸತಾಯಿಸಿದರೆ ಪವರ್ ಬೋರ್ಡಿನ ಕೆಪಾಸಿಟರ್‌ಗಳ (ಕರೆಂಟ್ ಹಿಡಿದಿಡುವ ಪುಟ್ಟ ಡಬ್ಬಿಗಳ) ತಲೆ ಉಬ್ಬಿರಬಹುದು. ಬದಲಿಗೆ ಅದೇ ಮೈಕ್ರೋಫ್ಯಾರಡ್ (ಸಾಮರ್ಥ್ಯದ ಅಳತೆ), ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಬಿಸಿ ತಡೆಯುವುದು ಬೇಕು. ಪ್ಲಗ್ ಕಿತ್ತ ಮೇಲೂ ಆ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಅನುಭವವಿಲ್ಲದವರು ಹಿಂದಿನ ಮುಚ್ಚಳ ಬಿಚ್ಚಲೇಬಾರದು.

ಪರದೆಯಲ್ಲಿ ಮೇಲಿಂದ ಕೆಳಗೆ ಬಣ್ಣದ ಗೆರೆ ಕಾಯಂ ನಿಂತರೆ ಮಾತ್ರ ಲೆಕ್ಕ ಬೇರೆ. ಮೆನು ತೆರೆದಾಗ ಅದರ ಮೇಲೂ ಗೆರೆ ಹಾಯ್ದಿದ್ದರೆ, ಎಲ್ಲ ಇನ್‌ಪುಟ್‌ನಲ್ಲೂ ಅದೇ ಜಾಗದಲ್ಲಿದ್ದರೆ, ಪ್ಯಾನೆಲ್ ಗಾಜಿಗೆ ಅಂಟಿಸಿದ ರಿಬ್ಬನ್ (ಚಪ್ಪಟೆ ಕೇಬಲ್) ಬಿಟ್ಟುಕೊಂಡಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಪ್ಯಾನೆಲ್ಲನ್ನೇ ಬದಲಿಸಬೇಕಾಗುತ್ತದೆ, ಆ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಬರುತ್ತದೆ, ಆಗ ಹೊಸದೇ ತಗೊಳ್ಳಿ.